ಬೆಲ್ಲದ ಮಂಡಿಯವನ ಬೆಣ್ಣೆಹಣ್ಣು

ನನಗೆ ಹೊಟ್ಟೆಕಿಚ್ಚು ಇದ್ದದ್ದು ನನ್ನ ಹೆಂಡತಿಯ ರಕ್ತದ ಮೇಲೆ. ಪಕ್ಕದವರ ಮಹಡಿ ಮನೆಯ ಮೇಲೆ, ಷಡ್ಡಕನ ಕಾರಿನ ಮೇಲೆ ಹೊಟ್ಟೆ ಉರಿಸಿಕೊಳ್ಳುವವರನ್ನು ಕಂಡು ನಗುತ್ತಿದ್ದ ಮನುಷ್ಯ ನಾನು. ಅಂಥವನು ಅರವತ್ತರ ಹತ್ತಿರ ಬಂದ ಮೇಲೆ, ಕಟ್ಟಿಕೊಂಡವಳ ಬೆರಳ ತುದಿಯಿಂದ ಬರುವ ಒಂದು ತೊಟ್ಟು ರಕ್ತ ನೋಡಿ ಕರುಬುವ ಹಾಗಾಯಿತು. ಸಕ್ಕರೆ ಕಾಯಿಲೆ ಹೊಕ್ಕ ಮನೆಗಳಲ್ಲಿ ಮಾತ್ರೆ, ಪಥ್ಯ, ವಾಕಿಂಗಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಹೊಟ್ಟೆಕಿಚ್ಚಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಿಮ್ಮ ಮನೆಯಲ್ಲೂ ಇಬ್ಬರಿಗೆ ಒಟ್ಟಿಗೇ ಬಂದು, ಒಬ್ಬರದ್ದು ಇಳಿದು ಇನ್ನೊಬ್ಬರದ್ದು ಇಳಿಯದೆ ಇದ್ದರೆ ನನ್ನ ಮಾತು ನಿಮಗೆ ಅರ್ಥವಾಗುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಂಜನಗೂಡಿನಲ್ಲಿ ನಮ್ಮದು ಬೆಲ್ಲದ ಮಂಡಿ. ಬನ್ನೂರು, ತಿ. ನರಸೀಪುರದ ಕಡೆಯ ಆಲೆಮನೆಗಳಿಂದ ಬೆಲ್ಲ ತಂದು ಮಾರುವುದು ಅಪ್ಪನ ಕಾಲದಿಂದ ಬಂದ ಕಸುಬು. ಊರಿಗೆ ನಾನು ಬೆಲ್ಲದ ಮಲ್ಲಪ್ಪ. ಬೆಲ್ಲ ಕೊಳ್ಳುವವನು ಬಣ್ಣಕ್ಕೆ ಮರುಳಾಗಬಾರದು, ಅಚ್ಚಿನ ಮೂಲೆ ಮುರಿದು ನಾಲಿಗೆಯ ಮೇಲೆ ಇಟ್ಟುಕೊಳ್ಳಬೇಕು. ಕಬ್ಬು ಬೆಳೆದ ನೆಲ ಚೌಳಾಗಿತ್ತೇ, ಕಬ್ಬಿನ ಹಾಲಿಗೆ ಹಾಕಿದ ಸುಣ್ಣ ಹೆಚ್ಚಾಯಿತೇ, ಪಾಕ ತಳ ಹಿಡಿದಿತ್ತೇ, ಎಲ್ಲವನ್ನೂ ನಾಲಿಗೆಯೇ ಹೇಳಬೇಕು. ಆಲೆಮನೆಯಲ್ಲಿ ಒಂದು ಚೂರು, ಗಾಡಿಯಿಂದ ಇಳಿಸುವಾಗ ಒಂದು ಚೂರು, ಗಿರಾಕಿಗೆ ಕೊಡುವಾಗ ಜೊತೆಗೆ ನನಗೂ ಒಂದು ಚೂರು. ಇದನ್ನು ನಮ್ಮ ಕಸುಬಿನವರು ಯಾರೂ ತಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ.

ಸೋಮವಾರಗಳಂದು ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗುವುದು ನನ್ನ ಬಹುಕಾಲದ ಅಭ್ಯಾಸ. ಕಪಿಲೆಯಲ್ಲಿ ಕಾಲು ತೊಳೆದು, ನಂಜುಂಡೇಶ್ವರನಿಗೆ ಕೈಮುಗಿದು, ಪ್ರದಕ್ಷಿಣೆ ಹಾಕಿ ವಾಪಸ್ಸು ಬರುವುದು. ಆ ಬೇಸಿಗೆಯಲ್ಲಿ ಕಲ್ಲುಚಪ್ಪಡಿ ಕೆಂಡವಾಗಿತ್ತು. ಎಲ್ಲರೂ ಕಾಲೆತ್ತಿ ಕಾಲಿಟ್ಟು ನೆರಳಿಗೆ ಓಡುತ್ತಿದ್ದರೆ ನಾನು ಮದುವೆ ಮನೆಯ ಹಿರಿಯನ ಹಾಗೆ ನಿಧಾನವಾಗಿ ನಡೆದೆ. ಒಬ್ಬರು ನೋಡಿ, "ನಿಮ್ಮ ಭಕ್ತಿ ದೊಡ್ಡದು ಬಿಡಿ" ಅಂದರು. ಇರಬಹುದು ಅಂದುಕೊಂಡೆ.

ಎರಡು ದಿನ ಬಿಟ್ಟು ನನ್ನ ಹೆಂಡತಿ ಗಿರಿಜ ನೆಲ ಒರೆಸುತ್ತಿದ್ದವಳು ನಿಂತಳು. "ರೀ, ಕಾಲೆತ್ತಿ ನೋಡುವ. ನೆಲದ್ ತುಂಬ ಕಲೆ ಬಿದ್ದದೆ."

ಬಲಗಾಲಿನ ಹೆಬ್ಬೆರಳಿನ ಪಕ್ಕದ ಬೆರಳು. ಅಡಿಯಲ್ಲಿ ಬೊಬ್ಬೆ ಎದ್ದು ಒಡೆದು ಹಸಿಯಾಗಿತ್ತು. ನನಗೆ ಗೊತ್ತೇ ಇರಲಿಲ್ಲ. ನೋವಿಲ್ಲವಲ್ಲ ಬಿಡು, ಅರಿಸಿನ ಹಚ್ಚು ಅಂದೆ. ಅವಳು ಅರಿಸಿನ ಹಚ್ಚಲಿಲ್ಲ, ಆಟೋ ಕರೆದಳು.

ಕ್ಲಿನಿಕ್ಕಿನ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಿ ಅಂತ ಹೇಳಿ, ಒಂದು ನೈಲಾನ್ ಎಳೆ ಕೈಗೆ ತೆಗೆದುಕೊಂಡರು.

"ಮುಟ್ಟಿದ ತಕ್ಷಣ ಹೇಳಿ."

ಕಾದೆ. ಕಾದು ಕಾದು ಬೇಸರವಾಗಿ, "ಶುರು ಮಾಡಿ ಮೇಡಂ" ಅಂದೆ.

"ಆಗ್ಲಿಂದ ಮುಟ್ತಾನೇ ಇದೀನಿ" ಅಂದರು.

ಕಣ್ಣು ಬಿಟ್ಟಾಗ ನನಗೆ ಮೊದಲು ಕಂಡಿದ್ದು ಗಿರಿಜಳ ಮುಖ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆ ಗಳಿಗೆಯಲ್ಲಿ ನಾನು ಹೆದರಿದ ಹಾಗೆ ಹಿಂದೆಂದೂ ಹೆದರಿದ್ದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಬೆರಳಿನಿಂದ ಶುರುಮಾಡಿ ಮೊಣಕಾಲಿನವರೆಗೂ ಕೊಟ್ಟು ಬಂದಿದ್ದರು. ಅವರ ಮನೆಯ ಮುಂದೆ ಹೋಗುವಾಗಲೆಲ್ಲ ನಾನು ಆ ಕಡೆ ನೋಡದೆ ದಾಟುತ್ತಿದ್ದೆ.

ರಕ್ತ ತೆಗೆಯುವಾಗ ಡಾಕ್ಟರು, "ಅಮ್ಮಾ, ಹೇಗೂ ಬಂದಿದೀರಿ, ನಿಮ್ಮದೂ ನೋಡಿಬಿಡೋಣ" ಅಂದರು. ಸಂಜೆ ರಿಪೋರ್ಟು ಬಂತು. ಇಬ್ಬರಿಗೂ ಸಕ್ಕರೆ. ನಿಜ ಹೇಳುತ್ತೇನೆ, ಅವಳಿಗೂ ಇದೆ ಅಂದಾಗ ನನಗೆ ಒಳಗೊಳಗೇ ಹಾಯೆನಿಸಿತು. ಒಬ್ಬನೇ ಪಥ್ಯ ಮಾಡುವುದು ತಪ್ಪಿತು, ನನ್ನ ಎದುರಿಗೆ ಕೂತು ಇವಳು ಒಬ್ಬಟ್ಟು ತಿನ್ನುವುದಿಲ್ಲ ಅನ್ನುವ ನೆಮ್ಮದಿ. ಇಬ್ಬರೂ ಒಟ್ಟಿಗೆ ಮುಳುಗುತ್ತೇವೆ ಅಂದುಕೊಂಡಿದ್ದೆ. ಅವಳು ಈಜಿಬಿಟ್ಟಳು.

"ಸಕ್ಕರೆ ಪೂರ್ತಿ ಬಿಡಿ. ಅನ್ನ ಅರ್ಧ ಮಾಡಿ. ಹೊಟ್ಟೆ ತುಂಬಬೇಕಲ್ಲ, ಅವಕಾಡೊ ಸಿಕ್ಕಿದ್ರೆ ತಿನ್ನಿ, ಒಳ್ಳೇದು" ಅಂತ ಡಾಕ್ಟರು ಹೇಳಿದ್ದರು. ನಾವು ಮುಖ ಮುಖ ನೋಡಿಕೊಂಡಾಗ ಸಿಸ್ಟರ್ ಲತಾ, "ಬಟರ್ ಫ್ರೂಟು ಅಂಕಲ್, ಬೆಣ್ಣೆಹಣ್ಣು" ಅಂತ ಬಿಡಿಸಿ ಹೇಳಿದಳು. ನನಗೆ ಬಟರ್ ಫ್ರೂಟು ಅಂದರೆ ಮೈಸೂರಿನ ಜ್ಯೂಸ್ ಅಂಗಡಿಗಳಲ್ಲಿ ಗ್ಲಾಸಿನ ತುಂಬ ಕೊಡುವ ಹಸಿರು ಗಟ್ಟಿ ಪಾನಕ. ಅದನ್ನು ಹಾಗೇ ಹಣ್ಣಾಗಿ ಯಾರಾದರೂ ತಿನ್ನುತ್ತಾರೆ ಅಂತ ಕೇಳಿಯೇ ಇರಲಿಲ್ಲ. ಗಿರಿಜ ಮಾತ್ರ, "ನಮ್ ಮಾದಪ್ಪನ್ ತೋಟದಲ್ಲೇ ಅದೆಯಲ್ಲ" ಅಂದಳು. ಮಾದಪ್ಪ ಅವಳ ತಮ್ಮ, ಸೋಸಲೆಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ತೆಂಗಿನ ಸಾಲಿನ ಮಧ್ಯೆ ಅವನು ಎಂದೋ ಕೊಡಗಿನಿಂದ ತಂದು ನೆಟ್ಟ ಗಿಡ ಮರವಾಗಿ, ಯಾರೂ ತಿನ್ನದೆ ಹಣ್ಣು ಉದುರಿ ಕೊಳೆಯುತ್ತಿತ್ತಂತೆ. ಆಷಾಢ ಹುಟ್ಟುವ ಹೊತ್ತಿಗೆ ಕಾಯಿ ಬಲಿತಿತ್ತು. ಅವನು ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸತೊಡಗಿದ.

ಮೊದಲ ಹಣ್ಣನ್ನು ನಾನು ಕಾಯಲ್ಲೇ ಕೊಯ್ದು ಕಚ್ಚಿದೆ, ಕಹಿ. ಎರಡನೆಯದನ್ನು ಅಕ್ಕಿಯಲ್ಲಿ ಹೂತು ಹಣ್ಣು ಮಾಡಿ ತಿಂದೆ. ಸಿಹಿಯೂ ಇಲ್ಲ, ಹುಳಿಯೂ ಇಲ್ಲ, ಒಗರೂ ಇಲ್ಲ. ತುಪ್ಪ ಹೆಪ್ಪುಗಟ್ಟಿದ ತಟ್ಟೆ ನೆಕ್ಕಿದ ಹಾಗಿತ್ತು. "ಇದು ಹಣ್ಣೇನೇ? ಸೋಪು ಕಣೇ" ಅಂತ ತಟ್ಟೆ ತಳ್ಳಿದೆ.

ಗಿರಿಜ ಅದೇ ಹಣ್ಣಿಗೆ ಒಂದು ಚಿಟಿಕೆ ಉಪ್ಪು, ಮೆಣಸಿನ ಪುಡಿ ಉದುರಿಸಿ, ಚಮಚದಲ್ಲಿ ಕೆರೆದು, ಕಣ್ಣು ಮುಚ್ಚಿ ಬಾಯಿಗಿಡುತ್ತಿದ್ದಳು. "ಆಹಾ" ಅನ್ನುತ್ತಿದ್ದಳು. "ಬೆಣ್ಣೆ ಕಣ್ರೀ, ಬೆಣ್ಣೆ. ಒಂದ್ ತುತ್ತು ತಗೊಳಿ." ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಯಾವ ಕೆಲಸಕ್ಕೂ ಅವಳು ಹಾಗೆ ಕಣ್ಣು ಮುಚ್ಚಿ ಆಹಾ ಅಂದಿದ್ದಿಲ್ಲ. ಒಂದು ಜುಜುಬಿ ಹಣ್ಣಿನ ಮೇಲೆ ಗಂಡಸಿಗೆ ಹೊಟ್ಟೆ ಉರಿಯಬಹುದು ಅಂತ ಆಗಲೇ ನನಗೆ ತಿಳಿದದ್ದು.

ಆ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಎಷ್ಟು ಗಂಟೆ ಕೂತಿದ್ದೇನೋ ಶಿವನೇ ಬಲ್ಲ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಆತುಕೊಂಡ ಬೆಂಚು, ಸದ್ದು ಮಾಡುವ ಫ್ಯಾನು. ಅಲ್ಲಿಗೆ ಬರುವವರೆಲ್ಲ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದ ಮಕ್ಕಳ ಹಾಗೆ. ನಿಮ್ಮದೆಷ್ಟು, ಊಟಕ್ಕೆ ಮುಂಚೆಯೋ ಆಮೇಲೋ, ಹೋದ ಸಲ ಎಷ್ಟಿತ್ತು. ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದವರ ಪಟ್ಟಿ ಎಷ್ಟು ದೊಡ್ಡದಿದೆ ಅಂತ ನಾನು ಅಳೆಯುತ್ತಿದ್ದೆ. ನನ್ನದಕ್ಕಿಂತ ಚಿಕ್ಕದಿದ್ದರೆ ಸಂಕಟ, ದೊಡ್ಡದಿದ್ದರೆ ಸಮಾಧಾನ. ಹುಲ್ಲಹಳ್ಳಿಯ ಒಬ್ಬ ಮುದುಕಿ ಮಾತ್ರ ನನ್ನ ಕಾಲು ನೋಡಿದವಳೇ ತಾನು ಕೂತಿದ್ದ ಕುರ್ಚಿಯಿಂದ ಎದ್ದು, "ಇಲ್ಲಿ ಕುಂತ್ಕೊ ಮಗ, ಕಾಲ್ ಆ ಬೆಂಚ್ ಮ್ಯಾಲಿಕ್ಕೊ" ಅಂದಿದ್ದಳು. ಅಷ್ಟು ವಯಸ್ಸಿನಲ್ಲಿ ಮಗ ಅನ್ನಿಸಿಕೊಂಡು ನನ್ನ ಕಣ್ಣು ತುಂಬಿತು. ಅವಳು ಇಡೀ ಬೆಳಿಗ್ಗೆ ನಿಂತೇ ಇದ್ದಳು.

ಸಿಸ್ಟರ್ ಲತಾ ರಿಪೋರ್ಟನ್ನು ಎಲ್ಲರಿಗೂ ಕೇಳುವ ಹಾಗೆ ಓದುವವಳು. "ಗಿರಿಜಮ್ಮ, ಸೂಪರ್! ನೋಡ್ರಿ ಎಲ್ರೂ, ಹಿಂಗಿರ್ಬೇಕು." ಕೂತವರೆಲ್ಲ ತಿರುಗಿ ನೋಡುವರು. ಏನು ತಿಂದಿರಿ, ಹೇಗೆ ಮಾಡಿದಿರಿ ಅಂತ ಹೆಂಗಸರು ಅವಳನ್ನು ಸುತ್ತಿಕೊಳ್ಳುವರು. ಆಮೇಲೆ ಲತಾ ದನಿ ಇಳಿಸಿ, "ಗಿರಿಜಮ್ಮನ ಯಜಮಾನ್ರು ಬನ್ನಿ" ಅನ್ನುವಳು. ಪೇಟೆಯಲ್ಲಿ ನಿಂತು ಬೆಲ್ಲದ ಮಲ್ಲಪ್ಪ ಅಂದರೆ ದಾರಿ ತೋರಿಸುತ್ತಾರೆ. ಅಲ್ಲಿ ನನಗೆ ಸ್ವಂತ ಹೆಸರೂ ಉಳಿಯಲಿಲ್ಲ.

ಅವಳ ರವಿಕೆ ಸಡಿಲವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಪಕ್ಕದ ಮನೆಯಾಕೆ, "ಏನ್ರೀ ಗಿರಿಜಾ, ಮದುವಣಗಿತ್ತಿ ಥರ ಆಗ್ಬಿಟ್ರಿ" ಅಂದಳು. ಒಂದು ಮಧ್ಯಾಹ್ನ ಅವಳು ನೀರು ತರಲು ಎದ್ದಾಗ ಅವಳ ತಟ್ಟೆಗೆ ಒಂದು ಸೌಟು ಅನ್ನ ಹೆಚ್ಚಿಗೆ ಬಡಿಸಿಬಿಟ್ಟೆ. ಬಂದು ನೋಡಿದಳು, ನನ್ನ ಮುಖ ನೋಡಿದಳು, ಆ ಅನ್ನವನ್ನು ಪಾತ್ರೆಗೆ ವಾಪಸ್ಸು ಹಾಕಿದಳು.

ಹಾಗಂತ ನಾನು ಪಥ್ಯ ಬಿಟ್ಟಿರಲಿಲ್ಲ. ಇವಳಿಗಿಂತ ಹೆಚ್ಚು ತಿಂದು ತೋರಿಸುತ್ತೇನೆ ಅಂತ ಹಠ ಹಿಡಿದು ಬೆಣ್ಣೆಹಣ್ಣಿಗೆ ದಾರಿ ಹುಡುಕಿದ್ದೆ. ನಮ್ಮ ಮನೆಗಳಲ್ಲಿ ಮೆತ್ತಗಿನ ಹಣ್ಣು ಯಾವುದೇ ಬರಲಿ, ರಸಾಯನ ಮಾಡುವುದು ರೂಢಿ. ಮಧ್ಯಾಹ್ನಕ್ಕೆ ಅಂತ ಗಿರಿಜ ಕಟ್ಟಿಕೊಡುತ್ತಿದ್ದ ಹಣ್ಣನ್ನು ಮಂಡಿಯಲ್ಲಿ ಕಿವುಚಿ, ಒಳ್ಳೆಯ ಅಚ್ಚಿನ ಬೆಲ್ಲ ಕುಟ್ಟಿ ಹಾಕಿ, ಏಲಕ್ಕಿ ಉದುರಿಸಿದೆ. ಆಗ ನೋಡಿ, ಹಣ್ಣಿಗೆ ಜೀವ ಬಂತು! ದಿನಾ ಎರಡೆರಡು ಹಣ್ಣು ಖಾಲಿಯಾಯಿತು. ಡಬ್ಬಿ ಬರಿದಾಗಿ ಬಂದದ್ದು ಕಂಡು ಗಿರಿಜಳಿಗೆ ಸಂತೋಷವೋ ಸಂತೋಷ. ಸಕ್ಕರೆ ಒಂದು ಕಾಳೂ ನಾನು ಮುಟ್ಟಲಿಲ್ಲ. ಮಂಡಿಯ ಕಾಫಿಯನ್ನೂ ಬೆಲ್ಲಕ್ಕೆ ಬದಲಾಯಿಸಿದ್ದೆ. ಸಕ್ಕರೆ ಕಾರ್ಖಾನೆಯದ್ದು, ಬೆಲ್ಲ ನಮ್ಮ ಹೊಲದ್ದು. ಬಾಣಂತಿಗೆ ಕೊಡುವುದು, ದೇವರ ಮುಂದೆ ಇಡುವುದು. ಬೆಲ್ಲದಿಂದ ಕಾಯಿಲೆ ಹೆಚ್ಚುತ್ತದೆ ಅಂತ ಯಾರಾದರೂ ನನ್ನ ಮಂಡಿಯಲ್ಲಿ ನಿಂತು ಹೇಳಿದ್ದರೆ ಅವರನ್ನು ಬಾಗಿಲಿಂದ ಆಚೆ ಕಳಿಸುತ್ತಿದ್ದೆ. "ಸಕ್ಕರೆ, ಸ್ವೀಟು ಏನಾದ್ರೂ?" ಅಂತ ಡಾಕ್ಟರು ಕೇಳಿದಾಗಲೆಲ್ಲ, "ಇಲ್ಲವೇ ಇಲ್ಲ ಮೇಡಂ" ಅಂತ ಎದೆ ತಟ್ಟಿ ಹೇಳುತ್ತಿದ್ದೆ.

ಶ್ರಾವಣದ ಕೊನೆಗೆ ಬೆರಳ ತುದಿ ಕಪ್ಪಾಯಿತು. ಡಾಕ್ಟರು ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. ನನ್ನ ರಿಪೋರ್ಟು ಹಿಂದಿನ ಸಲಕ್ಕಿಂತ ಮೇಲೆ ಹೋಗಿತ್ತು. ಇನ್ಸುಲಿನ್ ಚುಚ್ಚಿಕೊಳ್ಳಲು ಬರೆದುಕೊಟ್ಟರು.

"ಹದಿನೈದು ದಿನ ಕಾಯ್ತೀನಿ. ಸಕ್ಕರೆ ಇಳಿದು ಗಾಯ ಕೆಂಪಗಾದ್ರೆ ಸರಿ. ಇಲ್ಲಾಂದ್ರೆ ಮೈಸೂರಿಗೆ ಹೋಗಿ ಬೆರಳು ತೆಗೆಸ್ಲೇಬೇಕು. ಆಮೇಲೂ ತಡ ಮಾಡಿದ್ರೆ ಅದು ಬೆರಳಿಗೇ ನಿಲ್ಲಲ್ಲ ಮಲ್ಲಪ್ಪನವ್ರೇ."

ಹೊರಗೆ ಬಂದಾಗ ಗಿರಿಜ ನನ್ನ ತೋಳು ಹಿಡಿದುಕೊಂಡಳು. ನಾನು ಕೊಡವಿಕೊಂಡೆ. ಒಂದೇ ಮನೆಯ ಅನ್ನ, ಒಂದೇ ಮರದ ಹಣ್ಣು, ಒಂದೇ ಡಾಕ್ಟರು. ಇವಳದ್ದು ಇಳಿಯುತ್ತದೆ, ನನ್ನದು ಏರುತ್ತದೆ ಅಂದರೆ ಏನೋ ಮೋಸವಿದೆ ಅಂತ ನನ್ನ ತಲೆಗೆ ಹೊಕ್ಕಿತು. ಒಳ್ಳೆಯ ಹಣ್ಣು ಅಕ್ಕನಿಗೆ, ಕೆಟ್ಟದ್ದು ಬಾವನಿಗೆ ಅಂತ ಮಾದಪ್ಪ ಆರಿಸಿ ಕಳಿಸುತ್ತಿದ್ದಾನೆ, ಇವಳು ಅದನ್ನು ಬೇರೆ ಮಾಡಿ ಇಡುತ್ತಿದ್ದಾಳೆ. ಹೆದರಿದ ಮನುಷ್ಯನ ತಲೆಯಲ್ಲಿ ಏನೇನು ಮೊಳೆಯುತ್ತದೋ ಹೇಳಲಾಗದು.

ಮಾರನೆಯ ದಿನವೇ ಸೋಸಲೆಗೆ ಹೊರಟೆ. ಬೇಡ, ಮಳೆಗೆ ಕಾಲಿನ ಪಟ್ಟಿ ನೆನೆಯುತ್ತದೆ ಅಂದರೂ ನಾನು ಕೇಳದಿದ್ದಾಗ ಗಿರಿಜಳೂ ಚಪ್ಪಲಿ ಮೆಟ್ಟಿದಳು. ತಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಮಾದಪ್ಪನ ಜಗಲಿ ಹತ್ತುವ ಮುಂಚೆಯೇ ಕೇಳಿದೆ.

"ನಿಮ್ಮಕ್ಕನಿಗೊಂದು ಥರ, ನನಗೊಂದು ಥರ ಹಣ್ಣು ಕಳಿಸ್ತಿದ್ದೀಯಾ?"

ಅವನು ಬೆಪ್ಪಾದ. ಆಮೇಲೆ ನಕ್ಕ. "ಅಯ್ಯೋ ಬಾವ, ಒಂದೇ ಮರದ್ ಅಣ್ಣು ಕಣ್ರೀ. ಯಾರು ಅಕ್ಕ, ಯಾರು ಬಾವ ಅಂತ ಮರಕ್ಕೇನ್ ಗೊತ್ತದು? ಕುಂತ್ಕಳಿ, ನಿಮ್ ಕಣ್ಣೆದ್ರಿಗೇ ಕಿತ್ಕಬತ್ತೀನಿ."

ಕಿತ್ತು ತಂದದ್ದು ಕಾಯಿ, ಅದನ್ನು ಪಕ್ಕಕ್ಕಿಟ್ಟು ಒಳಗೆ ಹಣ್ಣಾಗಿದ್ದ ಎರಡನ್ನು ತಂದು ನಮ್ಮ ಮುಂದೆಯೇ ಹೋಳು ಮಾಡಿ ಒಂದೊಂದು ತಟ್ಟೆಯಲ್ಲಿ ಕೊಟ್ಟ. ನಾನು ತಟ್ಟೆ ತೆಗೆದುಕೊಂಡು, ದಿನದ ಅಭ್ಯಾಸದಂತೆ ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿ ಹಣ್ಣಿನ ಮೇಲೆ ಸುರಿದುಕೊಂಡೆ.

"ಇದೇನ್ರೀ?" ಗಿರಿಜಳ ದನಿ.

"ಬೆಲ್ಲ."

"ಬೆಲ್ಲ ಅಂತ ನಂಗೂ ಕಾಣ್ತದೆ. ಯಾಕೆ ಅಂದೆ."

"ಇಲ್ದಿದ್ರೆ ಗಂಟಲಲ್ಲಿ ಇಳಿಯೋದೆಂಗೆ? ದಿನಾ ಮಂಡಿಲಿ ಇಂಗೇ ತಿನ್ನೋದು. ಸಕ್ಕರೆ ಒಂದ್ ಕಾಳೂ ಹಾಕಿಲ್ಲ, ಬೇಕಾದ್ರೆ ಆಣೆ ಮಾಡ್ತೀನಿ."

ಮಾದಪ್ಪ ಚಾಕು ಕೆಳಗಿಟ್ಟು, ನನ್ನ ಮುಖ ನೋಡಲಾರದೆ, "ಬಾವ, ಸಕ್ಕರೇನೂ ಕಬ್ಬಿನ್ ರಸಾನೇ, ಬೆಲ್ಲಾನೂ ಕಬ್ಬಿನ್ ರಸಾನೇ. ನಿಮ್ಗೆ ನಾನ್ ಏಳ್ಬೇಕಾ?" ಅಂದ. ಹೌದು, ನನಗೆ ಅವನು ಹೇಳಬೇಕಾಗಿರಲಿಲ್ಲ. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತೇ ನಾನು ಬೆಳೆದದ್ದು. ಗೊತ್ತಿದ್ದದ್ದನ್ನೇ ನನಗೆ ನಾನು ಗೊತ್ತುಮಾಡಿಕೊಂಡಿರಲಿಲ್ಲ.

ಗಿರಿಜ ಬೈಯುತ್ತಾಳೆ ಅಂದುಕೊಂಡೆ. ಅವಳು ಗಳಗಳನೆ ಅತ್ತುಬಿಟ್ಟಳು.

"ನಾನು ಕಣ್ ಮುಚ್ಕೊಂಡು ತಿಂತಿದ್ದಿದ್ದು ರುಚಿಗೆ ಅಂದ್ಕೊಂಡ್ರಾ? ವಾಂತಿ ಬರ್ದೇ ಇರ್ಲಿ ಅಂತ. ಆ ಲೋಳೆ ಬಾಯಿಗಿಟ್ರೆ ನಂಗೆ ಈಗ್ಲೂ ಹೊಟ್ಟೆ ತೊಳಸ್ತದೆ. ನಾನು ಚಪ್ಪರ್ಸಿದ್ರೆ ನೀವೂ ಒಂದ್ ತುತ್ತು ತಿಂತೀರ ಅಂತ ಚಪ್ಪರ್ಸ್‌ದೆ. ಡಬ್ಬಿ ಖಾಲಿಯಾಗಿ ಬಂದ್ರೆ, ಅಬ್ಬ, ಕಾಲು ಉಳೀತು ಅಂದ್ಕೊಂಡು ಇನ್ನೊಂದ್ ಹಣ್ಣು ನುಂಗ್ತಿದ್ದೆ. ನೀವು ಬೆಲ್ಲ ಬೆರ್ಸ್‌ಕೊಂಡು ತಿಂತಾ ಕೂತಿದ್ರಾ?"

ಇಷ್ಟು ದಿನ ನಾನು ಕರುಬಿದ್ದು ಅವಳ ಸುಖದ ಮೇಲೆ ಅಂದುಕೊಂಡಿದ್ದೆ. ಅವಳಿಗೆ ಬರುತ್ತಿದ್ದ ವಾಕರಿಕೆಯ ಮೇಲೆ ಕರುಬುತ್ತಾ ಕೂತಿದ್ದೆ. ಬೆಲ್ಲದ ಪೊಟ್ಟಣ ಮಾದಪ್ಪನ ದನಗಳ ಕಲಗಚ್ಚಿನ ಬಾನಿಗೆ ಹೋಯಿತು. ವಾಪಸ್ಸು ಬರುವಾಗ ಗಿರಿಜ ಕಿಟಕಿಯ ಕಡೆ ತಿರುಗಿ ಕೂತವಳು ನಂಜನಗೂಡು ಬರುವವರೆಗೂ ಈ ಕಡೆ ತಿರುಗಲಿಲ್ಲ. ಇಳಿಯುವಾಗ ಮಾತ್ರ ಮೊದಲು ತಾನಿಳಿದು, ನನ್ನ ಕಾಲನ್ನು ಯಾರೂ ತುಳಿಯದ ಹಾಗೆ ಕೈ ಅಡ್ಡ ಹಿಡಿದು ನಿಂತಳು.

ಬೆಲ್ಲ ಬಿಡುವುದೆಂದರೆ ನನಗೆ ಊಟದಲ್ಲಿ ಒಂದು ಪದಾರ್ಥ ಬಿಡುವುದಲ್ಲ, ಕಸುಬಿನಲ್ಲಿ ಒಂದು ಕೈ ಕಟ್ಟಿಹಾಕಿಕೊಂಡ ಹಾಗೆ. ಅಚ್ಚು ಮುರಿದು ಗಿರಾಕಿಗೆ ಕೊಟ್ಟು, ಅವರ ಮುಖ ನೋಡಿ ಬೆಲ್ಲ ಹೇಗಿದೆ ಅಂತ ತಿಳಿಯಲು ಕಲಿತೆ. ಆ ಚೂರನ್ನು ಬಾಯಲ್ಲಿ ಆಡಿಸುತ್ತಾ ನಿಂತವರನ್ನು ಕಂಡರೆ ಕತ್ತು ಹಿಡಿದು ಕಕ್ಕಿಸಬೇಕು ಅನ್ನಿಸುತ್ತಿತ್ತು. ಬಾಯಿ ಒಣಗುತ್ತಿತ್ತು, ಸುಮ್ಮಸುಮ್ಮನೆ ರೇಗುತ್ತಿದ್ದೆ. ಗಿರಿಜ ಬೆಳಿಗ್ಗೆ ಸಂಜೆ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬದಲಾಯಿಸುತ್ತಿದ್ದಳು, ಸೂಜಿ ಚುಚ್ಚುತ್ತಿದ್ದಳು. ಸೂಜಿ ಹಿಡಿಯುವಾಗ ಅವಳ ಕೆಳತುಟಿ ಹಲ್ಲಿನಡಿ ಸಿಕ್ಕಿರುತ್ತಿತ್ತು.

ಬೆಣ್ಣೆಹಣ್ಣನ್ನು ಬರೀ ಉಪ್ಪು ಹಾಕಿ ತಿನ್ನುತ್ತಿದ್ದೆ, ಶಿಕ್ಷೆ ಅಂದುಕೊಂಡು. ಒಂದು ದಿನ ಬೆಳಿಗ್ಗೆ ರಾಗಿರೊಟ್ಟಿಯ ಮೇಲೆ ಹಣ್ಣು ಸವರಿ, ನಿಂಬೆಹಣ್ಣು ಹಿಂಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ, ಹುಚ್ಚೆಳ್ಳು ಪುಡಿ ಉದುರಿಸಿಕೊಂಡು ಕಚ್ಚಿದೆ. ಏನೋ ಇತ್ತು. ಇನ್ನೊಂದು ಸಲ ಕಚ್ಚಿದೆ. ಎಳೆ ತೆಂಗಿನಕಾಯಿಯಂಥ ಒಂದು ಸಣ್ಣ ಸಿಹಿ, ಹಿಂದೆಯೇ ಕಡಲೆಬೀಜದಂಥದ್ದೊಂದು ಘಮ. ಅದು ಆ ಹಣ್ಣಿನಲ್ಲಿ ಮೊದಲಿನಿಂದಲೂ ಇತ್ತು. ಬೆಲ್ಲದಲ್ಲೇ ನೆನೆದಿದ್ದ ನನ್ನ ನಾಲಿಗೆಗೆ ತಿಳಿದಿರಲಿಲ್ಲ. ಇನ್ನೊಂದು ರೊಟ್ಟಿ ಹಾಕು ಅಂದೆ. ಗಿರಿಜ ಒಲೆಯ ಮುಂದಿನಿಂದ ತಿರುಗಿ, "ನಾಟಕ ಮಾಡ್ತಿಲ್ಲ ತಾನೆ?" ಅಂದಳು. ನಾನು ತಟ್ಟೆ ಮುಂದೆ ಹಿಡಿದೆ. ಅವಳು ಮೂಗು ಮುಚ್ಚಿಕೊಂಡು ನಕ್ಕಳು. ನಾನು ಈವತ್ತಿಗೂ ಆ ರೊಟ್ಟಿಯನ್ನು ಹಬ್ಬದೂಟದ ಹಾಗೆ ತಿನ್ನುತ್ತೇನೆ.

ಹದಿನೈದನೆಯ ದಿನ ಬಂತು. ಬೆಳಿಗ್ಗೆಯೇ ಇಬ್ಬರೂ ರಕ್ತ ಕೊಟ್ಟು ಕೂತೆವು. ಮೈಸೂರಿಗೆ ಹೋಗುವುದಾದರೆ ಇರಲಿ ಅಂತ ಗಿರಿಜ ಎರಡು ಪಂಚೆ, ಒಂದು ಟವೆಲ್ಲು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಆ ಚೀಲವನ್ನು ನನಗೆ ಕಾಣದ ಹಾಗೆ ಕುರ್ಚಿಯ ಕೆಳಗೆ ತಳ್ಳಿದ್ದಳು, ನನಗೆ ಕಂಡಿತ್ತು.

ಒಳಗೆ ಕರೆದರು. ಡಾಕ್ಟರು ಪಟ್ಟಿ ಬಿಚ್ಚಿದರು. ನಾನು ಛಾವಣಿ ನೋಡುತ್ತಾ ಮಲಗಿದ್ದೆ. ಕಪ್ಪು ಪೊರೆ ಬಿಡಿಸಿದರೇನೋ, ನನಗೆ ಗೊತ್ತಾಗುವುದಿಲ್ಲವಲ್ಲ.

"ಬನ್ನಿ, ಇಲ್ಲಿ ನೋಡಿ" ಅಂತ ಅವರು ಕರೆದದ್ದು ಗಿರಿಜಳನ್ನು. "ಕೆಂಪಗಿದೆ. ಇದು ಉಳಿಯುತ್ತೆ."

ಅಷ್ಟರಲ್ಲಿ ಸಿಸ್ಟರ್ ಲತಾ ರಿಪೋರ್ಟು ಹಿಡಿದು ಒಳಗೆ ಬಂದಳು. ನನ್ನದನ್ನು ಮೊದಲು ಓದಿದಳು. ಇಳಿದಿತ್ತು. ಗಿರಿಜಳದ್ದನ್ನು ಓದಿದಳು. ಏರಿತ್ತು. ಇಷ್ಟು ದಿನ ಏರದೆ ಇದ್ದದ್ದು ಏರಿತ್ತು. ಮೊದಲ ಸಲ ನಾನು ಅವಳನ್ನು ಹಿಂದೆ ಹಾಕಿದ್ದೆ, ಎಷ್ಟು ದಿನದಿಂದ ಇದಕ್ಕಾಗಿ ಕಾದಿದ್ದೆ ಅಂತ ನನಗೇ ಗೊತ್ತು. ಅವಳ ಮುಖ ನೋಡಲು ತಲೆಯೆತ್ತಿದೆ.

ಗಿರಿಜ ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ತಮ್ಮನೊಂದಿಗೆ ಮಾತಾಡುತ್ತಿದ್ದಳು. "ಉಳೀತು ಕಣೋ ಮಾದಪ್ಪ, ಬೆರಳು ಉಳೀತು. ಸಕ್ಕರೆ ಇಳ್ದದಂತೆ ನಿಮ್ ಬಾವಂಗೆ." ಮೂಗು ಒರೆಸಿಕೊಳ್ಳುತ್ತಿದ್ದಳು, ನಗುತ್ತಿದ್ದಳು, ಹೇಳಿದ್ದನ್ನೇ ಮತ್ತೆ ಹೇಳು ಅಂತ ಅವನು ಕೇಳುತ್ತಿದ್ದನೇನೋ, ಮತ್ತೆ ಹೇಳುತ್ತಿದ್ದಳು. ಹದಿನೈದು ದಿನ ನನ್ನ ಕಾಲಿನ ಹಿಂದೆಯೇ ಓಡಾಡಿ ಅವಳ ವಾಕಿಂಗು ನಿಂತಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಉಳಿದ ಅನ್ನ ಉಂಡು ಮಲಗುತ್ತಿದ್ದಳು. ಮಾತ್ರೆ ತಗೊಂಡೆಯಾ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಅವಳ ಕಿವಿಗೆ ಬಿದ್ದದ್ದು ನನ್ನ ಸಂಖ್ಯೆ ಒಂದೇ. ಇನ್ನೊಬ್ಬರದ್ದು ಇಳಿದದ್ದಕ್ಕೆ ಇಷ್ಟು ಸಲೀಸಾಗಿ, ಒಂದು ಚೂರೂ ಹುಳಿಯಿಲ್ಲದೆ ಖುಷಿಪಡಲು ಬರುತ್ತದಲ್ಲ ಇವಳಿಗೆ ಅಂತ ನನ್ನ ಹೊಟ್ಟೆ ಉರಿಯಿತು. ಹಿಂದಿನದೆಲ್ಲ ಇದರ ಮುಂದೆ ಏನೂ ಅಲ್ಲ.

ಮಂಚದಿಂದ ಎದ್ದು ಕೂತೆ. ಲತಾ ಕಾಗದ ಮಡಿಸಿ ಹೊರಡಲು ತಿರುಗಿದ್ದಳು.

"ಸಿಸ್ಟರ್, ಅವಳದ್ದು ಇನ್ನೊಂದ್ ಸಲ ಓದಮ್ಮ" ಅಂದೆ. "ಅವಳು ಕೇಳಿಸ್ಕೊಳ್ಳಲಿಲ್ಲ. ಅವಳ ಮಾತ್ರೆ ಯಾವ್ಯಾವ ಹೊತ್ತಿಗೆ ಅಂತ ನನಗೂ ಹೇಳು."